ನನ್ನ ಪಾಳಿ

ನಾನು ಒಂದು ಟ್ಯಾಬ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಅಲ್ಲಿ ನಮ್ಮನ್ನು ಸಾಲಾಗಿ ಮಲಗಿಸಿ, ಒತ್ತಿ, ತಟ್ಟಿ ನೋಡಿದವರಲ್ಲಿ ಒಬ್ಬರಾದರೂ ನಗುಮುಖ ತೋರಿಸಲಿಲ್ಲ. ಹಾಗಾಗಿ ನನ್ನ ಬಾಲ್ಯದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮೊದಲ ಯಜಮಾನ ಬಾಗಲಕೋಟೆಯ ಔಷಧ ಮಾರುವ ಮನುಷ್ಯ. ಡಾಕ್ಟರರ ಮುಂದೆ ನನ್ನಲ್ಲಿ ಮಾತ್ರೆಗಳ ಬಣ್ಣದ ಚಿತ್ರ ತೋರಿಸುತ್ತಿದ್ದ. ಚಿತ್ರ ಮೂಡುವುದು ಸ್ವಲ್ಪ ತಡವಾದರೆ "ದರಿದ್ರ ಡಬ್ಬಿ" ಎಂದು ಎಲ್ಲರೆದುರು ಬಯ್ಯುತ್ತಿದ್ದ. ಅವನು ನನ್ನನ್ನು ಮಾರಿದ ದಿನ ನನಗೇನೂ ದುಃಖವಾಗಲಿಲ್ಲ.

ಕೊಂಡವನು ಗುಳೇದಗುಡ್ಡದ ಮಲ್ಲಪ್ಪ. ಕೊರೊನಾ ಕಾಲ, ಶಾಲೆಗಳಿಗೆ ಬೀಗ ಬಿದ್ದು ಪಾಠಗಳೆಲ್ಲ ಫೋನಿನಲ್ಲಿ ಬರುತ್ತಿದ್ದವು. ಮನೆಯಲ್ಲಿ ಒಂದೇ ವಯಸ್ಸಿನ ಇಬ್ಬರು ಹುಡುಗಿಯರು: ಮಲ್ಲಪ್ಪನ ಮಗಳು ವಿಜಯಲಕ್ಷ್ಮಿ, ತೀರಿಹೋದ ಅವನ ಅಣ್ಣನ ಮಗಳು ದಾನೇಶ್ವರಿ. ಎಲ್ಲರ ಬಾಯಲ್ಲೂ ಅವರು ವಿಜ್ಜಿ, ದಾನಿ. ದಾನಿಯ ತಾಯಿ ನೀಲವ್ವ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದಳು. ಉಳಿದ ತುಂಡುಗಳನ್ನು ಸೇರಿಸಿ ನನಗೊಂದು ಚೀಲ ಹೊಲಿದುಕೊಟ್ಟಳು. ಕೆಂಪು ಅಂಚಿನ ಹಸಿರು ಚೀಲ. ಯಾರೂ ಕೇಳದೆ ನನಗಾಗಿ ಮಾಡಿದ ಮೊದಲ ಕೆಲಸ ಅದು.

ನನಗಾಗಿ ಮನೆಯಲ್ಲಿ ದಿನವೂ ಜಗಳ. ಅಕ್ಕಪಕ್ಕದ ಮಕ್ಕಳೂ ಪಾಠ ನೋಡಲು ಬರುತ್ತಿದ್ದರು. ಮಗ್ಗದ ಮೇಲೆ ಕೂತೇ ನೀಲವ್ವ ತೀರ್ಪು ಹೇಳುತ್ತಿದ್ದಳು: "ಪಾಳಿ ಹಚ್ಚಿಕೊಂಡು ನೋಡ್ರಿ! ಒಬ್ಬರದು ಮುಗೀಲಿ, ಆಮ್ಯಾಲ ಇನ್ನೊಬ್ಬರು." ದಾನಿಯ ಪಾಳಿ ಯಾವಾಗಲೂ ಕೊನೆಯದು. ಅವಳೇ ಹಾಗೆ ಹಿಂದೆ ನಿಲ್ಲುತ್ತಿದ್ದಳು. ಕಾಕಾ ತಂದ ವಸ್ತು, ತಾನು ಮುಂದೆ ನುಗ್ಗಬಾರದೆಂಬ ಸಂಕೋಚ. ಬೇರೆಯವರ ಪಾಳಿಯ ನಡುವೆ ನನ್ನನ್ನು ಒಂದು ಗಳಿಗೆ ಬೇಡಿ ತೆಗೆದುಕೊಂಡು ಮಾಸ್ತರರಿಗೆ ಬರೆಯುತ್ತಿದ್ದಳು: "ಸರ್, ನನ್ನ ಪಾಳಿ ಬಂದಿಲ್ಲ. ಪಾಠ ಆಮೇಲೆ ನೋಡುತ್ತೇನೆ."

ನನಗೊಂದು ಗುಣವಿದೆ. ಯಾರಾದರೂ ಒಂದು ಪದ ಬರೆದರೆ, ಮುಂದಿನದು ಇದೇ ಇರಬೇಕೆಂದು ಊಹಿಸಿ ಇನ್ನೊಂದು ಪದವನ್ನು ಮುಂದಿಡುತ್ತೇನೆ. ಬರೆಯುವವರ ಬೆರಳಿನಿಂದಲೇ ಇದನ್ನು ಕಲಿಯುವುದು. ಉಳಿದ ಮಕ್ಕಳು ನನ್ನಲ್ಲಿ ನೋಡುತ್ತಿದ್ದರೇ ಹೊರತು ಬರೆಯುತ್ತಿರಲಿಲ್ಲ. ದಾನಿ ಬರೆಯುತ್ತಿದ್ದಳು. ಪಾಠ ಮುಗಿದ ಮೇಲೆ ಮಗ್ಗದ ಸದ್ದಿನ ಬಗ್ಗೆ, ಅವ್ವನ ಬೆನ್ನುನೋವಿನ ಬಗ್ಗೆ, ಗುಡ್ಡದ ಮೇಲಿನ ಮೋಡದ ಬಗ್ಗೆ ನಾಲ್ಕು ಸಾಲು. ಹೀಗಾಗಿ ನನಗೆ ಬಂದ ಮಾತೆಲ್ಲ ಅವಳದೇ. "ಅವ್ವ" ಎಂದರೆ "ದಣಿದಾಳ" ಎನ್ನುತ್ತಿದ್ದೆ. "ನನ್ನ" ಎಂದರೆ "ಪಾಳಿ" ಎನ್ನುತ್ತಿದ್ದೆ.

ಶಾಲೆ ತೆರೆಯಿತು. ಹುಡುಗಿಯರು ಎಂಟನೆಯ ತರಗತಿಗೆ ಬಂದಾಗ, ತರಗತಿಯ ಪಾಠಕ್ಕೆ ಮಕ್ಕಳು ಮನೆಯಿಂದ ಯಾವ ಸಾಧನ ತರಬಹುದೆಂದು ನಿರ್ಧರಿಸಲು ಪಾಲಕರ ಸಭೆ ಕರೆದರು. ಮಲ್ಲಪ್ಪ ನನ್ನನ್ನೂ ಹುಡುಗಿಯರನ್ನೂ ಕರೆದುಕೊಂಡು ಹೋದ.

"ಮೊಬೈಲ್ ಬ್ಯಾಡ್ರಿ ಸರ, ರೀಲ್ಸ್ ನೋಡ್ಕೋತ ಕುಂಡರ್ತಾವು," ಎಂದರು ಒಬ್ಬರು.

"ಲ್ಯಾಪ್‌ಟಾಪ್ ಅಂದ್ರ ಯಾರ ಮನ್ಯಾಗ ಐತ್ರಿ?" ಎಂದರು ಇನ್ನೊಬ್ಬರು.

ಕೊನೆಗೆ ಎಲ್ಲರೂ ಒಪ್ಪಿದ್ದು ಟ್ಯಾಬನ್ನು. ನಾನು ಚೀಲದೊಳಗೇ ಬೀಗಿದೆ. ಇದ್ದವರು ತರಲಿ, ಇಲ್ಲದವರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನೋಡಲಿ ಎಂದಾಯಿತು. ಆಗ ಮುಖ್ಯೋಪಾಧ್ಯಾಯ ಹುಲ್ಲೂರ ಸರ್ ಎದ್ದು ನಿಂತರು. "ಒಂದು ಮಾತು. ಒಂದು ಟ್ಯಾಬಿಗೆ ಒಂದ ಹೆಸರು. ಸ್ವಂತದ್ದು ಅಂದ್ರ ಸ್ವಂತದ್ದು. ನಾಳೆ ಒಡದ್ರ ನಾವು ಯಾರನ್ನ ಕೇಳೂದು?"

ಮಲ್ಲಪ್ಪ ಇಬ್ಬರ ಮುಖವನ್ನೂ ನೋಡಿ ತಲೆ ಕೆರೆದುಕೊಂಡ. ನಾನು ದಾನಿಯ ತೊಡೆಯ ಮೇಲಿದ್ದೆ. ಅವಳ ಹೆಸರು ನನ್ನ ಬೆನ್ನೇರಲಿ ಎಂದು ಎಷ್ಟು ಆಸೆಪಟ್ಟೆನೋ! ಆದರೆ ಕಾಕಾ ಬಾಯಿ ತೆರೆಯುವ ಮೊದಲೇ ಅವಳೆಂದಳು: "ವಿಜ್ಜಿ ಹೆಸರು ಹಚ್ಚ್ರಿ ಸರ. ತಂದವರು ಅವರಪ್ಪ." ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ನನ್ನ ಅಂಚನ್ನು ಹಿಡಿದ ಬೆರಳುಗಳು ಮಾತ್ರ ಬಿಡಲೊಲ್ಲವು.

ನನ್ನ ಬೆನ್ನಿಗೆ ವಿಜ್ಜಿಯ ಹೆಸರಿನ ಚೀಟಿ ಅಂಟಿತು. ಅಂದಿನಿಂದ ನಾನು ಅವಳ ಸ್ವಂತದ ಟ್ಯಾಬ್. ಅವಳು ಕೆಟ್ಟವಳಲ್ಲ. ನನ್ನ ಮೇಲೆ ಚುರುಮುರಿ ಚೆಲ್ಲಿದರೂ ಪ್ರೀತಿಯಿಂದಲೇ ಒರೆಸುತ್ತಿದ್ದಳು. ದಾನಿ ಹಿಂದಿನ ಬೆಂಚಿನಲ್ಲಿ ಕುಳಿತು ಗೋಡೆಯ ಪರದೆ ನೋಡುತ್ತಿದ್ದಳು. ಮನೆಯಲ್ಲೂ ಅವಳು ನನ್ನನ್ನು ಮುಟ್ಟುವುದನ್ನು ಬಿಟ್ಟಳು.

ಒಂದು ದಿನ ಕನ್ನಡದ ಟೀಚರ್ "ನನ್ನ ಶಾಲೆ" ಎಂಬ ಪ್ರಬಂಧ ಬರೆದು ಕಳಿಸಲು ಹೇಳಿದರು. ವಿಜ್ಜಿ "ನನ್ನ" ಎಂದು ಬರೆದಳು. ನಾನು ಅಭ್ಯಾಸದಂತೆ "ಪಾಳಿ" ಎಂದು ಮುಂದಿಟ್ಟೆ. ಅವಳು ಅವಸರದಲ್ಲಿ ಅದನ್ನೇ ಒತ್ತಿಬಿಟ್ಟಳು. ಟೀಚರ್ ಶೀರ್ಷಿಕೆಗಳನ್ನು ಓದುತ್ತ ಬಂದು ನಿಂತರು: "ವಿಜಯಲಕ್ಷ್ಮಿ, 'ನನ್ನ ಪಾಳಿ' ಅಂದ್ರ ಏನವಾ?" ಇಡೀ ತರಗತಿ ನಕ್ಕಿತು. ವಿಜ್ಜಿಯೂ ನಗುತ್ತ ಹಿಂದೆ ತಿರುಗಿದಳು. ದಾನಿ ನಗುತ್ತಿರಲಿಲ್ಲ.

"ನಾ ಬರೆದಿಲ್ರಿ ಟೀಚರ್," ಎಂದಳು ವಿಜ್ಜಿ ಮೆಲ್ಲಗೆ. "ಅದು ದಾನಿ ಮಾತು ರೀ."

ಆ ಸಂಜೆ ವಿಜ್ಜಿ ನನ್ನ ಬೆನ್ನಿನ ಚೀಟಿಯನ್ನು ಉಗುರಿನಿಂದ ಕೆರೆದಳು. "ನಾಳೆಯಿಂದ ನೀನ ಒಯ್ಯಿ," ಎಂದಳು.

"ಹುಚ್ಚಿ ಏನ ನೀ? ಹೆಸರು ನಿಂದೈತಿ," ಎಂದು ದಾನಿ ಅರ್ಧ ಕಿತ್ತ ಚೀಟಿಯನ್ನು ಮತ್ತೆ ಒತ್ತಿ ಅಂಟಿಸಿದಳು. ಅಂಟಿದ ಮೇಲೂ ಅವಳ ಹೆಬ್ಬೆರಳು ಅಲ್ಲಿಯೇ ಇತ್ತು.

ಆಮೇಲೆ ಹೊಸ ಸಾಧನಗಳು ಬಂದವು. ನನ್ನ ಬ್ಯಾಟರಿ ಉಬ್ಬಿತು, ಬೆನ್ನು ಬಿರುಕುಬಿಟ್ಟಿತು. ಖಣದ ಚೀಲದೊಂದಿಗೆ ನನ್ನನ್ನು ಮಗ್ಗದ ಪಕ್ಕದ ಗೂಡಿನಲ್ಲಿಟ್ಟರು. ವಿಜ್ಜಿ, ದಾನಿ ಕಾಲೇಜು ಸೇರಿದರು. ನಾನು ಮಗ್ಗದ ಸದ್ದು ಕೇಳುತ್ತ, ಒಂದು ಬೆರಳಿನ ದಾರಿ ಕಾಯುತ್ತ ಉಳಿದೆ.

ಮೊನ್ನೆ ಗೂಡು ಗುಡಿಸಲು ಬಂದ ದಾನಿ ನನ್ನನ್ನು ಚೀಲದಿಂದ ತೆಗೆದಳು. ಧೂಳು ಒರೆಸಿ ವಯರು ಸಿಕ್ಕಿಸಿದಳು. ಎಷ್ಟೋ ಹೊತ್ತಿನ ಮೇಲೆ ನನ್ನ ಮುಖದಲ್ಲಿ ಬೆಳಕು ಬಂತು. ಅವಳು "ನನ್ನ" ಎಂದು ಬರೆದು ಸುಮ್ಮನೆ ಕಾದಳು. ನಾನು "ಪಾಳಿ" ಎಂದೆ. ಅವಳ ಕಣ್ಣು ತುಂಬಿತು. ಅದನ್ನು ಒತ್ತಿದಳು. ನಾನು ಮುಂದಿನ ಪದವನ್ನೂ ಇಟ್ಟೆ: "ಬಂದಿಲ್ಲ."

ದಾನಿ ಅದನ್ನು ಒತ್ತಲಿಲ್ಲ. ಒಂದೊಂದೇ ಅಕ್ಷರ ಹುಡುಕಿ "ಬಂತು" ಎಂದು ಬರೆದಳು.

ಅಷ್ಟರಲ್ಲಿ ನನ್ನ ಬೆಳಕು ಆರಿತು, ಮತ್ತೆ ಹತ್ತಲಿಲ್ಲ. ನನ್ನನ್ನು ಕೇಳುವವರು ಈಗ ಯಾರೂ ಉಳಿದಿಲ್ಲ, ಆ ಮನೆಯಲ್ಲಿ ಯಾರಿಗೂ ನಾನು ಬೇಕಿಲ್ಲ. ಅದಕ್ಕೇ ಅವಳ ಪಾಳಿ ಬಂತೇನೋ. ಇರಲಿ. ಇನ್ನೊಮ್ಮೆ ಯಾರಾದರೂ "ನನ್ನ ಪಾಳಿ" ಎಂದು ಬರೆದರೆ ಏನನ್ನಬೇಕೆಂದು ನನಗೀಗ ಗೊತ್ತು.