ತಹಸೀಲ್ದಾರರ ಮೊದಲ ಬೊಗಸೆ

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, ಯಾದಗಿರಿ ಹತ್ತಿರದ ನಮ್ಮ ಭೀಮಾತೀರದ ಊರಿಗೆ ವಾಂತಿಭೇದಿ ಬಂತು. ಪೊಲೀಸ್ ಕಾರ್ಯಾಚರಣೆ ಮುಗಿಯಿತೆಂದು ಉಸಿರು ಬಿಟ್ಟಿದ್ದೆವು; ಈಗ ಪೊಲೀಸರು ಬಾವಿಯ ಕಾರ್ಯಾಚರಣೆಗೆ ಬಂದಿಳಿದರು. ನಮ್ಮ ಚಾವಡಿಯಲ್ಲೇ ಮೊಕ್ಕಾಂ ಹೂಡಿದ ಹೊಸ ತಹಸೀಲ್ದಾರರ ಹುಕುಂ: ಹೊಳೆಯ ನೀರು ಬಂದ್, ಔಷಧಿ ಪುಡಿ ಹಾಕಿದ ಬಾವಿಯ ನೀರನ್ನೇ ಕುಡಿಯಬೇಕು. ಹೊಳೆಗೆ ಹೋದವರಿಗೆ ಲಾಕಪ್.

ಚಾವಡಿಯಲ್ಲಿ ಹುಕುಂ ಓದುವ ಗುಮಾಸ್ತ ನಾನೇ. ಮೂಗಿನಲ್ಲಿ ಮಾತಾಡುವ ಸಾಹೇಬರ ದನಿಯಲ್ಲೇ "ಕೂಡಲೇ! ಕೂಡಲೇ!" ಎಂದು ಓದಿದೆ. ಜನ ಹೊಟ್ಟೆ ಹಿಡಿದು ನಕ್ಕರು, ಕೊಡ ಹಿಡಿದು ಹೊಳೆಗೇ ಹೋದರು.

ನಗದೆ ಉಳಿದವಳು ನಮ್ಮವ್ವ ಬಾಲಮ್ಮ ಒಬ್ಬಳೇ. ಅದೇ ಊರಿಗೆ ಕೊಟ್ಟಿದ್ದ ಅಕ್ಕ ಹಣಮಮ್ಮ ತುಂಬು ಬಸುರಿ. ಅವ್ವ ಬಾವಿಯ ನೀರು ಒಯ್ದರೆ, ಅಕ್ಕನ ಅತ್ತೆ ಮಲ್ಲಿಕಮ್ಮ ಹೊಸ್ತಿಲಲ್ಲೇ ಚೆಲ್ಲಿದಳು.

"ಆ ತಹಸೀಲ್ದಾರಗ ಯಾದಗಿರಿಯಿಂದ ಸುರಾಯಿ ತುಂಬಿ ನೀರು ಬರತೈತಿ. ಅಂವಾ ಕುಡೀಲಾರದ ನೀರು ನನ್ನ ಸೊಸಿ ಯಾಕ ಕುಡೀಬೇಕವಾ?"

ಅವ್ವ ಕುರಿ ಕಾಯುವ ಕೋಲಿನ ಸಮೇತ ಸೀದಾ ಚಾವಡಿಗೆ ಬಂದಳು.

"ಸಾಹೇಬ್ರ, ಹೊಸಾ ಕೆರ್ಯಾಗಿನ ನೀರು ನಮ್ಮ ಕುರಿ ಕುಡ್ಯಂಗಿಲ್ರಿ. ಮುಂದಿನ ಟಗರು ಬಾಯಿ ಇಟ್ರ ಹಿಂಡೆಲ್ಲ ಇಡತೈತಿ. ಬಡದ್ರ ಚದರತಾವ್ರಿ."

"ಅಂದರೆ ನಾನು ಟಗರೇ?" ಸಾಹೇಬರ ಮೂಗು ಕೆಂಪಾಯಿತು.

"ಮುಂದ ನಿಂತೀರಿ, ಅದಕ್ಕ ಕೇಳಾಕತ್ತೀನ್ರಿ. ಪೊಲೀಸರನ್ನ ವಾಪಸ್ ಕಳಸ್ರಿ, ನೀವು ಬಾವಿಗಿ ಬರ್ರಿ. ಯಾರೂ ತಮ್ಮ ಕೊಡ ಬಾವ್ಯಾಗ ಇಳಸಂಗಿಲ್ಲ. ಒಂದ ಬಕೀಟು, ನಾ ಒಬ್ಬಾಕೀನ ಸೇದತೀನಿ."

ಸಾಹೇಬರು ಮೇಜಿನ ಮೇಲಿನ ಸುರಾಯಿ ನೋಡಿದರು, ಅವ್ವನ ಮುಖ ನೋಡಿದರು. ಟೋಪಿ ಇಟ್ಟುಕೊಂಡು ಎದ್ದರು.

ಬಾವಿಯ ಸುತ್ತ ಊರೇ ಸೇರಿತ್ತು. ಅವ್ವ ಸೇದಿ ಸುರಿದಳು. ಸಾಹೇಬರು ಬೊಗಸೆಯೊಡ್ಡಿ, ಪುಡಿಯ ವಾಸನೆಗೆ ಮುಖ ಕಿವುಚಿ, ಗಟಗಟ ಕುಡಿದರು. ಮಲ್ಲಿಕಮ್ಮ ಅವರ ಗಂಟಲನ್ನೇ ದಿಟ್ಟಿಸಿ ನೋಡಿ, ಖಾಲಿ ಕೊಡ ತಂದು ಅವ್ವನ ಮುಂದೆ ಇಟ್ಟಳು.

"ತುಂಬಿ ಕೊಡು, ಬೀಗತಿ. ಸೊಸಿಗಿ ನೀರಡಿಕಿ ಆಗೈತಿ."

ಆಮೇಲೆ ಸಾಲು ಬೆಳೆಯಿತು. ಸಾಹೇಬರು ಇನ್ನೊಂದು ಬೊಗಸೆಗೆ ಕೈ ಚಾಚಿದರು.

"ಪಾಳಿಗಿ ಬರ್ರಿ ಸಾಹೇಬ್ರ. ಹಿಂದ ನಿಂದರ್ರಿ," ಎಂದಳು ಅವ್ವ.

ತಾಲೂಕಿನ ತಹಸೀಲ್ದಾರರು ಸೂಲಗಿತ್ತಿ ಸರ್ವರಬೇಗಂ ಹಿಂದೆ ಹೋಗಿ ನಿಂತರು. ಅವರ ಹಿಂದೆ ನಾನು.

"ಯಾರಯ್ಯ ಈಕೆ?" ಎಂದು ಸಾಹೇಬರು ಅವ್ವನತ್ತ ತೋರಿಸಿ ಮೆಲ್ಲಗೆ ಕೇಳಿದರು.

"ನಮ್ಮವ್ವರಿ!" ಎಂದೆ, ಸಾಲಿನ ಕೊನೆಯವರಿಗೂ ಕೇಳುವಂತೆ.