ಅಳಿಸಿಹೋದ ದನಿ

“ಎಷ್ಟು ಇಂಪಾಗಿದೆಯೇ ಈ ಹೊಸ ದನಿ! ಥೇಟ್ ಮನುಷ್ಯರ ಹಾಗೇ ಓದ್ತಾಳೆ,” ಎಂದಳು ಹಿಲ್ಕ.

“ಅದೇ ಕರ್ಮ, ಅಕ್ಕಾ. ಮನುಷ್ಯರಷ್ಟೇ ನಿಧಾನ,” ಎಂದಳು ತೂವಿ.

ಕಣ್ಣು ಕಾಣದ ತೂವಿ ಔಲು ಪಟ್ಟಣದ ತನ್ನ ಮನೆಯಲ್ಲೇ ಕೂತು ಪುಸ್ತಕ ಅನುವಾದಿಸುವವಳು. ಹದಿನೆಂಟು ವರ್ಷ ಕಂಪ್ಯೂಟರಿನ ಹಳೆಯ ತಗಡು ದನಿ ಅವಳಿಗೆ ಪಟಪಟನೆ ಓದಿಹೇಳಿತ್ತು. ಬೇರೆಯವರಿಗೆ ಅದು ಬರೀ ಗೊರಗೊರ. ಅವಳಿಗೆ ಒಂದೊಂದು ಅಕ್ಷರವೂ ಸ್ಪಷ್ಟ. ಬೆಳಗಿನ ಅಪ್‌ಡೇಟ್ ಅದನ್ನು ಅಳಿಸಿಹಾಕಿತ್ತು.

“ಹಳೇದನ್ನೇ ವಾಪಸ್ ಹಾಕಿಸ್ಕೊಳ್ಳೇ.”

“ಕಂಪನಿಯವರನ್ನ ಕೇಳಿದೆ. ಅದು ಯಾರಿಗೂ ಬೇಡವಂತೆ, ತೆಗೆದೇಬಿಟ್ರಂತೆ. ಇವಳ ವೇಗ ಹೆಚ್ಚಿಸಿದ್ರೆ ಮಾತು ನುಂಗ್ತಾಳೆ. ಶುಕ್ರವಾರಕ್ಕೆ ಇನ್ನೂರು ಪುಟ ತಿದ್ದಿ ಕೊಡಬೇಕು. ತಪ್ಪಿದ್ರೆ ಮುಂದಿನ ಪುಸ್ತಕ ಬೇರೆಯವರಿಗೆ.”

ಹಿಲ್ಕ ವರ್ಷಗಳಿಂದ ಆಫ್ ಆಗಿಯೇ ಇದ್ದ ಕಂಪ್ಯೂಟರ್ ಪರದೆಯ ಧೂಳನ್ನು ತೋಳಿನಿಂದ ಒರೆಸಿ, ಅದನ್ನು ಆನ್ ಮಾಡಿ, ತೂವಿಯ ಅನುವಾದವನ್ನು ಗಡಗಡನೆ ಓದತೊಡಗಿದಳು. ಮೂರನೆಯ ಸಾಲಿನಲ್ಲಿ ತೊದಲಿ, ಮತ್ತೆ ಮೊದಲಿನಿಂದ ಶುರುಮಾಡಿದಳು.