ಮುಖ ಬಟ್ಟೆಯಲ್ಲ

ಮೂರು ತಿಂಗಳಿಂದ ಆ ತಾಯಿಗೆ ಕಾಣುತ್ತಿದ್ದದ್ದು ಮಗಳ ಮುಖವಲ್ಲ, ಛಾವಣಿಯ ಫ್ಯಾನು.

ತಾಯಿಗೆ ಕಡಲಾಚೆಯ ಊರಿನಲ್ಲಿ ಕೆಲಸ. ಹಾಸಿಗೆ ಹಿಡಿದ ಯಾರದೋ ಅಜ್ಜಿಯನ್ನು ನೋಡಿಕೊಳ್ಳಬೇಕು. ಫೋನು ಅವಳ ಕೈಗೆ ಸಿಗುವುದು ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಮಾತ್ರ. ಮಗಳು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ. ಕರೆ ಬಂದರೆ ಸಾಕು, ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಪಕ್ಕದಿಂದ ಬಗ್ಗಿ ಮಾತಾಡುವಳು. ಅಮ್ಮನ ಕಣ್ಣ ಕೆಳಗಿನ ಕಪ್ಪು, ಹೊಸದಾಗಿ ನರೆತ ಕೂದಲು ಎಲ್ಲ ಇವಳಿಗೆ ಕಾಣುತ್ತಿತ್ತು. ಅಮ್ಮನಿಗೆ ಮಾತ್ರ ಅದೇ ಫ್ಯಾನು. ಒಂದೇ ಒಂದು ಸಲ ಮುಖ ತೋರಿಸೆಂದು ಅಮ್ಮ ಗೋಗರೆಯುವಳು. ಫೋನು ಎತ್ತಿದರೆ ಲೈನು ಕಟ್ಟಾಗುತ್ತದೆ ಎಂದು ಮಗಳು ಸುಳ್ಳು ಹೇಳುವಳು. ಕರೆ ಮುಗಿದ ಮೇಲೆ ಕಪ್ಪಾದ ಪರದೆಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕೂರುವಳು.

ಹತ್ತೊಂಬತ್ತರ ಆ ಹುಡುಗಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಹೊಲಿದ ಅಂಗಿಗಳ ಮೇಲೆ ಬಿದ್ದ ಮೆಷಿನ್ ಎಣ್ಣೆಯ ಕಲೆ ತೆಗೆಯುವುದೇ ಅವಳ ಪಾಲಿಗೆ ಬಂದದ್ದು. ಮೇಜಿನ ಮೇಲೆ ಒಂದು ಕಟುವಾದ ಸೋಪು, ಒಂದು ಪುಟ್ಟ ಬ್ರಷ್ಷು. ಅವಳ ಕೈಗೆ ಸೋಲದ ಕಲೆಯಿಲ್ಲ ಎಂದು ಹೆಸರಾಗಿತ್ತು.

ಆದರೆ ಬೆಳಿಗ್ಗೆ ಹತ್ತು ಗಂಟೆಯಾಗುವಷ್ಟರಲ್ಲಿ ಅವಳ ಹಣೆ, ಮೂಗು, ಗಲ್ಲ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಕೆನ್ನೆಯ ತುಂಬ ಮೊಡವೆ. "ನಿನ್ನ ಮುಖ ನೋಡ್ಕೊಂಡೇ ತಲೆ ಬಾಚ್ಕೋಬಹುದಲ್ಲೇ" ಎಂದು ಸೂಪರ್‌ವೈಸರ್ ಒಂದು ದಿನ ಎಲ್ಲರೆದುರು ಹೇಳಿದ. ಸಾಲಿನವರೆಲ್ಲ ನಕ್ಕರು. ಅಂದಿನಿಂದ ಅವಳ ಹೆಸರು ಕನ್ನಡಿ ಎಂದಾಯಿತು.

ಕನ್ನಡಿ ತನ್ನ ಕೈಗೆ ಗೊತ್ತಿದ್ದ ವಿದ್ಯೆಯನ್ನೇ ಮುಖಕ್ಕೂ ಮಾಡಿದಳು. ಕಲೆ ತೆಗೆಯುವ ಸೋಪಿನ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತಂದಳು. ದಿನಕ್ಕೆ ಆರು ಸಲ ಅದೇ ಸೋಪು, ಅದೇ ಬಗೆಯ ಬ್ರಷ್ಷು. ಎಣ್ಣೆ ಹೋಗಲಿಲ್ಲ, ಚರ್ಮ ಹೋಯಿತು. ಕೆನ್ನೆ ಕೆಂಪಾಗಿ ಸಿಪ್ಪೆ ಏಳತೊಡಗಿತು. ಇನ್ನೂ ಸರಿಯಾಗಿ ಉಜ್ಜಿಲ್ಲ ಎಂಬುದು ಚಿಕ್ಕಮ್ಮನ ತೀರ್ಪು.

ಒಂದು ಮಧ್ಯಾಹ್ನ ಬೆವರು ಹರಿದು ಮುಖವೆಲ್ಲ ಭಗ್ಗೆಂದಿತು. ಕೈಯಲ್ಲಿದ್ದ ಅಂಗಿಯಿಂದಲೇ ಮುಖ ಮುಚ್ಚಿಕೊಂಡಳು. ಕಾರ್ಖಾನೆಯ ನರ್ಸಮ್ಮ ಅವಳನ್ನು ಔಷಧಿ ಕೋಣೆಗೆ ಕರೆದೊಯ್ದು ಕೂರಿಸಿ, ಏನು ಹಚ್ಚುತ್ತೀಯ ಎಂದು ಕೇಳಿದರು. ಹುಡುಗಿ ಕರವಸ್ತ್ರ ಬಿಚ್ಚಿ ತೋರಿಸಿದಳು. ನರ್ಸಮ್ಮ ಸೋಪನ್ನು ಮೂಸಿ ಕಣ್ಣು ಮುಚ್ಚಿದರು.

"ಇದು ಬಟ್ಟೆಗೆ ಕಣೇ ತಾಯಿ. ಮುಖ ಬಟ್ಟೆಯಲ್ಲ. ಆ ಎಣ್ಣೆ ಮೆಷಿನ್ನಿಂದ ಬಿದ್ದಿದ್ದಲ್ಲ, ನಿನ್ನ ಚರ್ಮಾನೇ ತನ್ನನ್ನ ಕಾಪಾಡ್ಕೊಳ್ಳೋಕೆ ಮಾಡ್ಕೊಂಡಿದ್ದು. ಕೆಲವರಿಗೆ ಜಾಸ್ತಿ ಬರುತ್ತೆ. ಅದು ಕೊಳೆ ಅಲ್ಲ, ತಪ್ಪೂ ಅಲ್ಲ."

"ಹಂಗಾದ್ರೆ ಅಮ್ಮಂಗೆ ಯಾವಾಗ ಮುಖ ತೋರ್ಸ್ಲಿ ಸಿಸ್ಟರ್?" ಎಂದಳು ಹುಡುಗಿ. ಅದುವರೆಗೆ ತಡೆದಿದ್ದ ಅಳು ಆಗ ಬಂತು.

ಅಂದು ಸಂಜೆ ನರ್ಸಮ್ಮ ಅವಳ ಜೊತೆಗೇ ಮನೆಗೆ ಬಂದರು. ಬೆಳಿಗ್ಗೆ, ಸಂಜೆ, ಮತ್ತೆ ತುಂಬ ಬೆವರಿದಾಗ ಮೃದುವಾದ ಫೇಸ್‌ವಾಷ್ ಹಾಕಿ ಬೆರಳ ತುದಿಯಿಂದ ತೊಳೆದರೆ ಸಾಕು ಎಂದರು. ಬ್ರಷ್ಷು ಬೇಡ, ಟವೆಲಿನಿಂದ ತಿಕ್ಕುವುದು ಬೇಡ, ಮೆಲ್ಲಗೆ ಒತ್ತಿ ಒರೆಸಬೇಕು. ಮೊಡವೆ ಚಿವುಟಿದರೆ ಗುರುತು ಉಳಿಯುತ್ತದೆ. ದಿಂಬಿನ ಬಟ್ಟೆ ಆಗಾಗ ಒಗೆಯಬೇಕು, ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿಯಬಾರದು. ತೊಳೆದ ಮೇಲೆ ಎಣ್ಣೆಯಿಲ್ಲದ ತೆಳು ಕ್ರೀಮು ಸ್ವಲ್ಪ ಹಚ್ಚಬೇಕು ಎಂದಾಗ ಚಿಕ್ಕಮ್ಮ ಸುಮ್ಮನಿರಲಿಲ್ಲ.

"ಎಣ್ಣೆ ಸುರಿಯೋ ಮುಖಕ್ಕೆ ಮತ್ತೆ ಕ್ರೀಮಾ? ಚೆನ್ನಾಗಿದೆ ನಿಮ್ಮ ವೈದ್ಯ."

"ಉಜ್ಜಿ ಉಜ್ಜಿ ಒಣಗಿಸಿದೀರಲ್ಲಮ್ಮ, ಅದಕ್ಕೇ ಈ ಉರಿ. ಒಣಗಿದ ಚರ್ಮಕ್ಕೆ ಆಸರೆ ಬೇಡ್ವಾ?"

ನೋವಿನ ಗಂಟುಗಳು ಎದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ, ಅಂಗಡಿಯವನು ಕೊಟ್ಟ ಟ್ಯೂಬು ಮಾತ್ರ ಮುಟ್ಟಬೇಡಿ ಎಂದು ಎಚ್ಚರಿಸಿದರು. ಇದಕ್ಕೆ ಒಂದೆರಡು ದಿನವಲ್ಲ, ಎರಡು ತಿಂಗಳಾದರೂ ತಾಳ್ಮೆ ಬೇಕು ಎಂದರು. ಹೊಳಪು ಪೂರ್ತಿ ಹೋಗುತ್ತದೆಂಬ ಮಾತನ್ನು ಅವರು ಕೊಡಲಿಲ್ಲ.

ಕಾರ್ಖಾನೆಯಲ್ಲಿ ಇನ್ನೊಂದು ತೊಡಕಿತ್ತು. ಬಟ್ಟೆಯ ಕಲೆಗೆ ಮೂರು ನಲ್ಲಿ, ಇನ್ನೂರು ಹೆಂಗಸರ ಮುಖಕ್ಕೆ ಒಂದೇ. ಅದಕ್ಕೂ ಊಟದ ಹೊತ್ತಿನಲ್ಲಿ ಬೀಗ. ಕನ್ನಡಿ ಎಂದು ನಕ್ಕಿದ್ದ ಅದೇ ಸಾಲಿನವರು, ಸಿಪ್ಪೆಯೆದ್ದ ಅವಳ ಕೆನ್ನೆ ಕಂಡು, ಈಗ ಒಟ್ಟಾಗಿ ಹೋಗಿ ಸೂಪರ್‌ವೈಸರ್ ಎದುರು ನಿಂತರು. ಅಂಗಿಗಿಂತ ನಾವು ಅಗ್ಗವಾ ಎಂದು ಕೇಳಿದರು. ಅವನು ಜೇಬು ತಡಕಿ ನಲ್ಲಿಯ ಬೀಗದ ಕೈ ತೆಗೆದುಕೊಟ್ಟ.

ನರ್ಸಮ್ಮ ಮನೆಗೆ ಬಂದುಹೋದ ಮೇಲಿನ ಏಳನೆಯ ಭಾನುವಾರ. ಉರಿ ಹೋಗಿತ್ತು, ಸಿಪ್ಪೆ ನಿಂತಿತ್ತು. ಮೊಡವೆ ಕಡಿಮೆಯಾಗಿದ್ದವು, ಹೋಗಿರಲಿಲ್ಲ. ಹಣೆ ಇನ್ನೂ ಮಿನುಗುತ್ತಿತ್ತು. ಕರೆ ಬಂತು. ಹುಡುಗಿಯ ಕೈ ಅಭ್ಯಾಸದಂತೆ ಫೋನನ್ನು ಮೇಜಿನ ಮೇಲೆ ಮಲಗಿಸಿತು. ಚಿಕ್ಕಮ್ಮ ಬಂದು ಅದನ್ನೆತ್ತಿ ಅವಳ ಕೈಯಲ್ಲಿಟ್ಟರು. ಅವಳು ಅದನ್ನು ಮುಖದೆದುರು ಹಿಡಿದಳು.

ಅಮ್ಮ ಇನ್ನೂ ಹತ್ತಿರ ತಾ ಎಂದು ಕೈಸನ್ನೆ ಮಾಡಿದಳು. ಅರ್ಧ ಗಂಟೆಯಲ್ಲಿ ಎಷ್ಟು ಹೊತ್ತು ಹಾಗೆ ಬರೀ ನೋಡುತ್ತ ಕಳೆಯಿತೋ. ಆಮೇಲೆ ಮಗಳು ಸೋಪು, ಬ್ರಷ್ಷಿನ ಕತೆಯನ್ನೆಲ್ಲ ಹೇಳಿದಳು.

"ಆ ಫ್ಯಾನು ನೋಡಿ ನೋಡಿ, ಅದರ ರೆಕ್ಕೆ ಮೇಲೆ ಎಷ್ಟು ಧೂಳಿದೆ ಅಂತ ನಂಗೆ ಲೆಕ್ಕ ಸಿಕ್ಕಿಬಿಟ್ಟಿದೆ" ಎಂದಳು ಅಮ್ಮ ಕೊನೆಗೆ. "ಉಜ್ಜಲೇಬೇಕು ಅನ್ಸಿದ್ರೆ ಅದನ್ನ ಉಜ್ಜು ಮಗಳೇ. ಮುಖ ನಂಗೆ ಬೇಕು."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮುಖದ ಎಣ್ಣೆ ನಿಮ್ಮ ಅಪರಾಧವಲ್ಲ. ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ, ಚಿವುಟಬೇಡಿ, ಕಂಡಕಂಡ ಟ್ಯೂಬು ಹಚ್ಚಬೇಡಿ. ವಾಸಿಯಾಗದಿದ್ದರೆ ಡಾಕ್ಟರ ಬಳಿ ಹೋಗಿ. ಯಾರಾದರೂ ನಿಮ್ಮ ಮುಖ ನೋಡಿ ನಕ್ಕರೆ ನಮಗೆ ಮುಖ ತೊಳೆಯಲು ನಲ್ಲಿ ಎಲ್ಲಿದೆ ಎಂದು ಅವರನ್ನೇ ಕೇಳಿ. ಮತ್ತೆ, ದೂರದಲ್ಲಿ ನಿಮಗಾಗಿ ಕಾದು ಕೂತವರಿದ್ದರೆ, ಮೊಡವೆ ಮಾಯಲಿ ಎಂದು ಕಾಯಿಸಬೇಡಿ. ಇವತ್ತೇ ಫೋನು ಎತ್ತಿ ಹಿಡಿಯಿರಿ.